ನುಣುಪು ತಂತಿಯ ಅನುಮಾನ

ರಸ್ತೆ ತುಂಬಾ ಅದಿರಿನ ಲಾರಿಗಳೇ ಓಡುತ್ತಿದ್ದ ಕಾಲ. ನಾನು ಹೊಸಪೇಟೆಯಲ್ಲಿ ಗಿಟಾರ್ ರಿಪೇರಿ ಮಾಡುತ್ತಿದ್ದೆ. ಸಂಡೂರಿನ ಲಾರಿ ಮಾಲೀಕ ವೀರಣ್ಣ ತಮ್ಮ ಆರ್ಕೆಸ್ಟ್ರಾಕ್ಕೆಂದು ಹಳೇ ಮಾದರಿಯ ಬೇಸ್ ಗಿಟಾರ್ ಕೊಂಡು, ತಂತಿ ಹಾಕಲು ನನ್ನನ್ನು ಮನೆಗೇ ಕರೆಸಿದರು. ಅಂಗಡಿಗೆ ಕೊಟ್ಟರೆ ಒಳಗಿನ ಸಾಮಾನು ಬದಲಾಯಿಸಿಬಿಡುತ್ತಾರೆಂಬ ಅನುಮಾನ ಅವರಿಗೆ.

ಆ ವಾದ್ಯಕ್ಕೆ ಒಪ್ಪುವುದು ಚಪ್ಪಟೆ ಸುತ್ತಿನ ನುಣುಪು ತಂತಿ; ಮಾಮೂಲಿ ತಂತಿಯ ಹಾಗೆ ಅದರ ಮೇಲೆ ಗೀರುಗಳಿರುವುದಿಲ್ಲ. ದನಿ ದುಂಡಗೆ, ಮೆತ್ತಗೆ ಬರುತ್ತದೆ. ಅದನ್ನೇ ಹಾಕಿ, ಗಿಟಾರಿನ ಕತ್ತಿನ ಬಾಗು ಸರಿಮಾಡಿ, ತಂತಿಗಳ ಎತ್ತರ ಇಳಿಸಿದೆ. ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದ ವೀರಣ್ಣ ಬೆರಳಾಡಿಸಿ ನೋಡಿದರು.

"ಏನ್ರೀ, ಸವೆದ ತಂತಿ ಹಾಕೀರಲ್ಲ? ಒಂದು ಗೀರೂ ಕೈಗೆ ಹತ್ತವಲ್ದು."

"ಹೊಸಾವ ಅದಾವ್ರೀ ಸಾವಕಾರ್ರ. ಇವು ಇರೋದೇ ಹಿಂಗ."

"ಎಲ್ಲಾರೂ ಹಂಗ ಅಂತಾರ."

ಚೀಲದಿಂದ ಅದೇ ತಂತಿಯ ಇನ್ನೊಂದು ಪ್ಯಾಕೆಟ್ ತೆಗೆದು, ಸೀಲು ತೋರಿಸಿ, ಅವರ ಕೈಗೇ ಕೊಟ್ಟೆ. ತಾವೇ ಹರಿದು, ತಂತಿ ಎಳೆದು ಸವರಿದರು. ಅದೂ ಅಷ್ಟೇ ನುಣ್ಣಗಿತ್ತು. ಸದ್ಯ, ಬಚಾವಾದೆ ಅಂದುಕೊಂಡೆ.

ವೀರಣ್ಣ ಆ ತಂತಿಯನ್ನು ಸುತ್ತಿ ನನ್ನ ಕೈಗಿಟ್ಟರು. ಆಮೇಲೆ ದನಿ ತಗ್ಗಿಸಿ, ಮೊದಲ ಸಲ ಮರುಕದಿಂದ, "ಕಂಪನಿಯಾವ್ರು ನಿಮಗೂ ಟೋಪಿ ಹಾಕ್ಯಾರ ಬಿಡ್ರಿ" ಎಂದು ಚಹಾ ತರಿಸಿದರು.

ಕಳ್ಳ ಅನ್ನಿಸಿಕೊಳ್ಳುವುದಕ್ಕಿಂತ ದಡ್ಡ ಅನ್ನಿಸಿಕೊಳ್ಳುವುದೇ ವಾಸಿ ಎಂದು ಚಹಾ ಕುಡಿದು ಬಂದೆ.