ಶುಗರ್ ಊಟ ಬಿಟ್ಟ ಏಳು ವಾರ

ಕಳೆದ ಶುಕ್ರವಾರ ಮಧ್ಯಾಹ್ನ ಮೇಲಿನ ಮನೆಯ ವಸಂತಕ್ಕ ಐಸ್ ಕೇಳಿಕೊಂಡು ಬಂದರು. ಮನೆಗೆ ನೆಂಟರು ಬಂದಿದ್ದರಂತೆ, ಶರಬತ್ತು ಮಾಡಬೇಕಿತ್ತಂತೆ. ನಾನು ಮೀನು ಹುರಿಯುತ್ತಿದ್ದೆ. "ಫ್ರೀಜರಿನಲ್ಲಿ ಉಂಟು, ತೆಗೊಳ್ಳಿ" ಎಂದೆ.

ಹೇಳಬಾರದಿತ್ತು.

ಐಸ್ ಟ್ರೇ ಎಳೆಯುವಾಗ ಅದರ ಪಕ್ಕದ ಪ್ಲಾಸ್ಟಿಕ್ ಡಬ್ಬಿ ಕೆಳಗೆ ಬಿದ್ದು ಮುಚ್ಚಳ ಹಾರಿತು. ಎಂಟು ಬಿಳಿ ಇಲಿಗಳು, ಕಲ್ಲಿನ ಹಾಗೆ ಗಟ್ಟಿಯಾದವು, ಟಕಟಕ ಸದ್ದು ಮಾಡುತ್ತ ನೆಲದ ಮೇಲೆ ಚೆಲ್ಲಿಹೋದವು. ವಸಂತಕ್ಕ ಕಿರುಚಲಿಲ್ಲ. ಇಲಿಗಳನ್ನು ನೋಡಿದರು. ಆಮೇಲೆ ನನ್ನ ಕಾವಲಿಯನ್ನು ನೋಡಿದರು.

"ನೀವು ಇದನ್ನೂ..." ಎಂದು ಶುರುಮಾಡಿ, ಮರ್ಯಾದೆಗೆ ಅಲ್ಲಿಗೇ ನಿಲ್ಲಿಸಿದರು.

"ನಮಗಲ್ಲ ವಸಂತಕ್ಕ. ಹಾವಿಗೆ."

ಈ ಮಾತಿನಿಂದ ಅವರಿಗೆ ಸಮಾಧಾನ ಆಗಬೇಕಿತ್ತು. ಐಸ್ ಬಿಟ್ಟು ಹೋದರು.

ಅವರದ್ದೇನೂ ತಪ್ಪಿಲ್ಲ. ಅಲ್ಲಿಯವರೆಗೆ ಅವರಿಗೆ ಗೊತ್ತಿದ್ದದ್ದು ನಮ್ಮ ಮನೆಯಲ್ಲಿ ಶುಗರ್ ಉಂಟು ಎಂದು ಮಾತ್ರ. ನನ್ನ ಮಗಳು ರೆನಿಟಾ ಮೆಟ್ಟಿಲ ಮೇಲೆ ಯಾರ ಹತ್ತಿರವೋ ಹೇಳಿದ್ದನ್ನು ಕೇಳಿಸಿಕೊಂಡು, ಕಾಯಿಲೆ ನನ್ನ ಗಂಡನಿಗೆ ಎಂದು ತಿಳಿದು, ಎರಡು ಸಲ ಮೆಂತ್ಯ ಕಳಿಸಿದ್ದರು. (ವ್ಯರ್ಥ ಮಾಡಲಿಲ್ಲ, ಮೀನಿನ ಸಾರಿಗೆ ಹಾಕಿದೆ.)

ಶುಗರ್ ಎಂಬುದು ಹಾವಿನ ಹೆಸರು. ಆಫ್ರಿಕಾ ಕಡೆಯ ಒಂದು ಸಣ್ಣ ಹೆಬ್ಬಾವು. ವಿಷ ಇಲ್ಲ, ನನ್ನ ತೋಳಿಗಿಂತ ಸ್ವಲ್ಪ ಉದ್ದ, ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಂಡು ತಲೆ ಒಳಗೆ ಅಡಗಿಸುತ್ತದೆ. ರೆನಿಟಾಳ ಕ್ಲಾಸಿನ ಹುಡುಗಿಯೊಬ್ಬಳದು. ಅವರ ಕುಟುಂಬ ನಾವಿರುವ ಈ ಮಸ್ಕತ್ ಬಿಟ್ಟು ಕೆನಡಾಕ್ಕೆ ಹೊರಟಿತು. ಹಾವನ್ನು ವಿಮಾನದಲ್ಲಿ ಒಯ್ಯಲು ಆಗುವುದಿಲ್ಲವಲ್ಲ. ರೆನಿಟಾ ಫೋನಿನಲ್ಲಿ ಅಪ್ಪನನ್ನು ಕೇಳಿದಳು. ನನ್ನ ಗಂಡ ವಿಕ್ಟರ್ ಇಲ್ಲಿನ ವಾದಿ ಅದಾಯ್ ಎಂಬಲ್ಲಿಯ ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್. ನೂರು ಜನರಿಗೆ ಇಲ್ಲ ಎನ್ನುವುದೇ ಅವರ ಕೆಲಸ. ಮಗಳಿಗೆ ಮಾತ್ರ ಆ ಶಬ್ದ ಹೇಳಲು ಬರುವುದಿಲ್ಲ.

"ಹತ್ತು ದಿನಕ್ಕೆ ಒಂದು ಇಲಿ ಕೊಟ್ಟರೆ ಸಾಕಂತೆ ಮಾರಾಯ್ತಿ. ನಾಯಿಗಿಂತ ಸುಲಭ" ಎಂದು ನನಗೆ ಹೇಳಿದರು.

ಯಾರಿಗೆ ಸುಲಭ? ಈ ಪ್ರಶ್ನೆಯನ್ನು ನಾನು ಆ ದಿನವೇ ಕೇಳಬೇಕಿತ್ತು.

ರೆನಿಟಾಳಿಗೆ ಟ್ಯೂಷನ್. ವಿಕ್ಟರಿಗೆ ಓವರ್‌ಟೈಮ್. ಜೀವಂತ ಇಲಿ ಸಿಗುವ ಹಕ್ಕಿ ಅಂಗಡಿ ಇದ್ದದ್ದು ರೂವಿಯಲ್ಲಿ, ನನ್ನ ಆಫೀಸಿನ ಹಿಂದಿನ ಓಣಿಯಲ್ಲಿ. ಹಾಗಾಗಿ ಹತ್ತು ದಿನಕ್ಕೊಮ್ಮೆ ಮಧ್ಯಾಹ್ನದ ಬಿಡುವಿನಲ್ಲಿ ಶೂ ಡಬ್ಬಿಯೊಳಗೆ ಇಲಿ ಹಾಕಿಸಿಕೊಂಡು ಶೇರ್ ಟ್ಯಾಕ್ಸಿಯಲ್ಲಿ ಬರುವವಳು ನಾನು. ಒಳಗಿನಿಂದ ಪರಪರ ಕೆರೆಯುವ ಸದ್ದು. ಒಂದು ಸಲ ಡ್ರೈವರ್ ಕ್ಯಾಸೆಟ್ ನಿಲ್ಲಿಸಿ ಕಿವಿಗೊಟ್ಟ. "ಮಗಳ ಸ್ಕೂಲ್ ಪ್ರಾಜೆಕ್ಟ್" ಎಂದೆ. ಸುಳ್ಳು ಹೇಳಿದೆನೋ ನಿಜ ಹೇಳಿದೆನೋ ನನಗೇ ಗೊತ್ತಾಗಲಿಲ್ಲ.

ಇಲಿಯನ್ನು ಗಾಜಿನ ಪೆಟ್ಟಿಗೆಗೆ ಬಿಡುವವಳೂ ನಾನೇ. ಆದರೆ ನೋಡುವ ಧೈರ್ಯ ನನಗಿರಲಿಲ್ಲ. ಬಿಟ್ಟು, ಮುಚ್ಚಳ ಹಾಕಿ, ಅಡುಗೆಮನೆಗೆ ಹೋಗಿ ಮಿಕ್ಸರ್ ಆನ್ ಮಾಡುತ್ತಿದ್ದೆ. ಅರೆಯಲು ಏನಾದರೂ ಇರಲಿ, ಇಲ್ಲದಿರಲಿ.

ಜನವರಿಯ ಒಂದು ಶುಕ್ರವಾರ ಹಾಗೆಯೇ ಇಲಿ ಬಿಟ್ಟು, ಮಿಕ್ಸರ್ ಆನ್ ಮಾಡಿ, ಆಮೇಲೆ ಎಲ್ಲರೂ ಚರ್ಚಿಗೆ ಹೋದೆವು. ಶುಗರಿಗೆ ಅಂದು ಹಸಿವಿರಲಿಲ್ಲ ಎಂದು ಕಾಣುತ್ತದೆ. ಹಿಂದಿರುಗಿ ಬಂದಾಗ ಇಲಿ ಹಾವಿನ ಮೈಮೇಲೆ ಆರಾಮವಾಗಿ ಕೂತು ಮೀಸೆ ಒರೆಸಿಕೊಳ್ಳುತ್ತಿತ್ತು. ಶುಗರಿನ ಬೆನ್ನಿನ ಮೇಲೆ ಎರಡು ಕಡೆ ಮಾಂಸ ಕಾಣುತ್ತಿತ್ತು. ಕಣ್ಣಿನ ಕೆಳಗೆ ರಕ್ತ.

ರೆನಿಟಾ ಅಳಲಿಲ್ಲ. ಹದಿನಾಲ್ಕು ವರ್ಷದವರು ಅಳುವುದಕ್ಕಿಂತ ಕೆಟ್ಟದ್ದನ್ನು ಮಾಡುತ್ತಾರೆ. ಕೇಳುತ್ತಾರೆ. "ಮಮ್ಮಿ, ನೀವು ಯಾಕೆ ನೋಡಲಿಲ್ಲ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ನಾನು ದಿಂಬಿನ ಕವರು ಬಿಚ್ಚಲು ಕೋಣೆಗೆ ಹೋದೆ.

ಸೀಬ್‌ನಲ್ಲಿ ಒಬ್ಬ ಪ್ರಾಣಿ ವೈದ್ಯರಿದ್ದಾರೆ. ಸುಡಾನಿನವರು, ಡಾಕ್ಟರ್ ಉಸ್ಮಾನ್. ಆಡು ಒಂಟೆಗಳ ನಡುವೆ ನಾವು ದಿಂಬಿನ ಕವರಿನಲ್ಲಿ ಹಾವು ಹಿಡಿದುಕೊಂಡು ಕಾದು ಕೂತೆವು. ಅವರು ಗಾಯ ತೊಳೆದು ಮುಲಾಮು ಹಚ್ಚಿ ನನ್ನ ಕಡೆ ತಿರುಗಿದರು.

"ಮೇಡಂ, ಇಲಿಗೂ ಹಸಿವಾಗುತ್ತದೆ. ಅದಕ್ಕೆ ತಿನ್ನಲು ಏನು ಇಟ್ಟಿದ್ದಿರಿ?"

"ಏನೂ ಇಲ್ಲ."

"ಹಾಗಾದರೆ ಎದುರಿಗೆ ಇದ್ದದ್ದನ್ನು ತಿಂದಿದೆ. ಇನ್ನು ಜೀವಂತ ಇಲಿ ಖಲಾಸ್. ಫ್ರೀಜರಿನದ್ದು ಕೊಡಿ."

ಅವರ ಗುರುತಿನ ಒಂದು ಲ್ಯಾಬಿನಲ್ಲಿ ಇಲಿ ಸಾಕುತ್ತಿದ್ದರು. ಬೇಡವಾದ ಇಲಿಗಳನ್ನು ನೋವಾಗದ ಹಾಗೆ ಕೊಂದು ಫ್ರೀಜ್ ಮಾಡಿ ಇಡುತ್ತಿದ್ದರಂತೆ. ಅಲ್ಲಿಂದ ಒಂದು ಡಬ್ಬಿ ಕೊಡಿಸಿದರು. ಹಿಂದಿನ ದಿನ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಟ್ಟು ಐಸ್ ಬಿಡಿಸಬೇಕು. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಸಿನೀರಿನಲ್ಲಿ ಅದ್ದಿ ಬೆಚ್ಚಗೆ ಮಾಡಬೇಕು. ಉದ್ದ ಇಕ್ಕಳದಲ್ಲಿ ಹಿಡಿದು, ಜೀವ ಇರುವ ಹಾಗೆ ಮೆಲ್ಲಗೆ ಆಡಿಸಬೇಕು. ಇದನ್ನೆಲ್ಲ ಅವರು ರೆನಿಟಾಳಿಗೆ ಹೇಳಲಿಲ್ಲ. ವಿಕ್ಟರಿಗೂ ಹೇಳಲಿಲ್ಲ. ನನ್ನ ಮುಖ ನೋಡಿಕೊಂಡೇ ಹೇಳಿದರು. ಮನೆಯಲ್ಲಿ ಯಾರು ಮಾಡುತ್ತಾರೆ ಎಂಬುದು ವೈದ್ಯರಿಗೆ ಹೇಗೆ ಗೊತ್ತಾಗುತ್ತದೋ.

ಗಾಯ ಒಣಗಿದ ಮೇಲೆ ಶುರುಮಾಡಿದೆ. ಮೊದಲ ವಾರ ಇಲಿಯನ್ನು ಮೂಗಿನ ಮುಂದೆ ಆಡಿಸಿದೆ. ಶುಗರ್ ನೋಡಿತು, ತಲೆ ತಿರುಗಿಸಿ ಮಲಗಿತು. ಎರಡನೆಯ ವಾರ ನನ್ನ ಹೇರ್ ಡ್ರೈಯರಿನಲ್ಲಿ ಇಲಿಯ ತಲೆ ಬಿಸಿ ಮಾಡಿ ಕೊಟ್ಟೆ. (ಆ ಹೇರ್ ಡ್ರೈಯರನ್ನು ಆಮೇಲೆ ತಲೆಗೆ ಉಪಯೋಗಿಸಿಲ್ಲ.) ಚೆಂಡಾಗಿ ಸುತ್ತಿಕೊಂಡಿತು. ಮೂರನೆಯ ವಾರ ಪೆಟ್ಟಿಗೆಯ ಸುತ್ತ ಬೆಡ್‌ಶೀಟ್ ಹೊದಿಸಿ ಕತ್ತಲೆ ಮಾಡಿದೆ. ಅರ್ಧ ಗಂಟೆ ಕೈ ಮೇಲೆತ್ತಿ ನಿಂತು ಭುಜ ಹಿಡಿದುಕೊಂಡಿತು. ತಿನ್ನದ ಇಲಿಯನ್ನು ಪುನಃ ಫ್ರೀಜರಿಗೆ ಹಾಕುವಂತಿಲ್ಲ, ಪೇಪರಿನಲ್ಲಿ ಸುತ್ತಿ ಎಸೆಯಬೇಕು. ಎಸೆಯುವವಳು ಯಾರೆಂದು ಹೇಳಬೇಕೇ?

ಇಷ್ಟು ಹೊತ್ತು ಉಳಿದಿಬ್ಬರು ಏನು ಮಾಡುತ್ತಿದ್ದರು? ಬಾಗಿಲಲ್ಲಿ ನಿಂತು ಸಲಹೆ ಕೊಡುತ್ತಿದ್ದರು. "ಇನ್ನೂ ಮೆಲ್ಲ" ಎಂದು ಮಗಳು. "ಸ್ವಲ್ಪ ಜೋರಾಗಿ ಆಡಿಸು" ಎಂದು ಗಂಡ. ಇಕ್ಕಳ ನೀವೇ ಹಿಡಿಯಿರಿ ಎಂದರೆ ವಿಕ್ಟರಿಗೆ ಸೊಂಟ ನೋವು, ರೆನಿಟಾಳಿಗೆ ಮರುದಿನ ಟೆಸ್ಟ್.

ಆದರೆ ರೆನಿಟಾ ಒಂದು ಕೆಲಸ ಮಾಡುತ್ತಿದ್ದಳು. ಪ್ರತಿ ಗುರುವಾರ ಶುಗರನ್ನು ಬುಟ್ಟಿಯಲ್ಲಿಟ್ಟು, ನಾನು ಕೇಕಿಗೆ ಹಿಟ್ಟು ತೂಗುವ ತಕ್ಕಡಿಯಲ್ಲಿ ತೂಗಿ, ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಐದನೆಯ ವಾರದ ಹೊತ್ತಿಗೆ ಅವಳು ಆ ಪುಸ್ತಕವನ್ನು ನನಗೆ ತೋರಿಸುವುದನ್ನು ನಿಲ್ಲಿಸಿದಳು. ಊಟದ ತಟ್ಟೆಯಲ್ಲಿ ಅನ್ನ ಕಲಸುತ್ತ ಕೂರುತ್ತಿದ್ದಳು. ಹಾವಿನ ಬೆನ್ನಿನ ಏಣು ಎದ್ದು ಕಾಣುತ್ತಿತ್ತು. ನನಗೆ ಆಫೀಸಿನಲ್ಲಿ ಫ್ಯಾಕ್ಸ್ ಕಳಿಸುವಾಗಲೂ ಅದೇ ಯೋಚನೆ. ಅಂದು ನಾನು ಮಿಕ್ಸರ್ ಹತ್ತಿರ ಓಡದೆ, ಹತ್ತು ನಿಮಿಷ ಅಲ್ಲೇ ನಿಂತಿದ್ದರೆ?

ಆರನೆಯ ವಾರ ವಿಕ್ಟರ್ ಒಂದು ಶೂ ಡಬ್ಬಿ ಹಿಡಿದುಕೊಂಡು ಮನೆಗೆ ಬಂದರು. ಪರಪರ ಸದ್ದು.

"ಎಂತ ಇದು?"

"ಒಂದೇ ಒಂದು ಸಲ. ಉಪವಾಸ ಸಾಯುವುದನ್ನು ನೋಡಲಿಕ್ಕೆ ಆಗುವುದಿಲ್ಲ ನನಗೆ."

"ಆರು ವಾರದಿಂದ ನಾನು ಎಂತ ಮಾಡ್ತಾ ಇದ್ದೇನೆ ಹಾಗಾದರೆ?"

ನಮ್ಮ ಸ್ವರ ಏರುವ ಮೊದಲೇ ರೆನಿಟಾ ಕೋಣೆಯಿಂದ ಬಂದಳು. ಡಬ್ಬಿ ನೋಡಿದಳು. "ಬೇಡ ಪಪ್ಪಾ. ಈಗ ಕೊಟ್ಟರೆ ಅದು ಇನ್ನೊಂದಕ್ಕೆ ಕಾಯುತ್ತದೆ. ಮಮ್ಮಿ ಪುನಃ ಮೊದಲಿನಿಂದ ಮಾಡಬೇಕು" ಎಂದಳು. ಈ ಸಲ ಇಂಗ್ಲಿಷಿನಲ್ಲಿ ಹೇಳಲಿಲ್ಲ. ನಾನು ಪಡುವ ಕಷ್ಟ ಈ ಮನೆಯಲ್ಲಿ ಒಬ್ಬರ ಕಣ್ಣಿಗಾದರೂ ಬಿದ್ದಿದೆ ಎಂದು ಅಂದು ಗೊತ್ತಾಯಿತು. ಅಡುಗೆಮನೆಗೆ ಹೋದೆ.

ಇಲಿಯನ್ನು ಅಂಗಡಿಯವನು ವಾಪಸ್ ತೆಗೆದುಕೊಳ್ಳಲಿಲ್ಲ. ಹೊರಗೆ ಬಿಡಲು ರೆನಿಟಾ ಬಿಡಲಿಲ್ಲ. ಹಾಗಾಗಿ ವಿಕ್ಟರ್ ಒಂದು ಪಂಜರ ತಂದರು. ಈಗ ನಮ್ಮ ಹಾಲ್‌ನಲ್ಲಿ ಇಲಿಯೂ ಉಂಟು. ವಿಕ್ಟರ್ ಟಿವಿ ನೋಡುತ್ತ ಅದಕ್ಕೆ ಗೋಡಂಬಿ ಕೊಡುತ್ತಾರೆ. ಪಂಜರದ ಮರದ ಹೊಟ್ಟು ಬದಲಿಸುವವಳು ಮಾತ್ರ ನಾನು.

ಏಳನೆಯ ವಾರ ಹಾಗೆ ಹೊಟ್ಟು ಬದಲಿಸಿ, ಕೈ ಸರಿಯಾಗಿ ತೊಳೆಯದೆ, ಬೆಚ್ಚಗೆ ಮಾಡಿದ ಸತ್ತ ಇಲಿಯನ್ನು ಎತ್ತಿಕೊಂಡೆ. ಶುಗರ್ ತಲೆ ಎತ್ತಿತು. ನಾಲಿಗೆ ಹೊರಗೆ ಬಂತು, ಪುನಃ ಬಂತು. ಅದು ನೋಡುತ್ತಿದ್ದದ್ದು ಇಲಿಯನ್ನಲ್ಲ, ನನ್ನ ಬೆರಳನ್ನು.

ನನಗೆ ಹೊಳೆಯಿತು. ಸತ್ತ ಇಲಿಯನ್ನು ತೆಗೆದುಕೊಂಡು ಹೋಗಿ ಪಂಜರದ ಹಳೆಯ ಹೊಟ್ಟಿನಲ್ಲಿ ಚೆನ್ನಾಗಿ ಹೊರಳಿಸಿದೆ. ಕೈ ತೊಳೆದು, ಇಕ್ಕಳದಲ್ಲಿ ಹಿಡಿದು, ಪೆಟ್ಟಿಗೆಯೊಳಗೆ ಇಳಿಸಿದೆ. ಶುಗರ್ ಒಂದು ಕ್ಷಣ ಅಲ್ಲಾಡಲಿಲ್ಲ. ಆಮೇಲೆ ಇಕ್ಕಳವೇ ಕೈಯಿಂದ ಜಾರುವಷ್ಟು ರಭಸದಿಂದ ಬಂದು ಕಚ್ಚಿ ಸುತ್ತಿಕೊಂಡಿತು.

ಬಾಗಿಲಲ್ಲಿ ಇಬ್ಬರೂ ನಿಂತಿದ್ದರು. ನಾನು ಅಡುಗೆಮನೆಗೆ ಹೋಗಲಿಲ್ಲ. ತಲೆಯ ಕಡೆಯಿಂದ ನುಂಗಲು ಶುರುಮಾಡಿ ಬಾಲದ ತುದಿ ಒಳಗೆ ಹೋಗುವವರೆಗೂ ನಿಂತು ನೋಡಿದೆ. ಅಂದುಕೊಂಡಷ್ಟು ಭಯಂಕರ ಏನೂ ಇರಲಿಲ್ಲ. ನಿಧಾನವಾಗಿ, ಶಿಸ್ತಾಗಿ ಊಟ ಮಾಡಿತು. ನಮ್ಮ ಮನೆಯಲ್ಲಿ ಹಾಗೆ ಊಟ ಮಾಡುವವರು ಅದೊಂದೇ.

ಡಾಕ್ಟರ್ ಉಸ್ಮಾನರಿಗೆ ಫೋನ್ ಮಾಡಿ ಹೇಳಿದೆ. "ಹೌದು ಹೌದು, ವಾಸನೆ. ಅದು ಎಲ್ಲರೂ ಮಾಡುವ ಉಪಾಯ" ಎಂದರು.

"ಮೊದಲೇ ಹೇಳಬಾರದಿತ್ತೇ ಡಾಕ್ಟರ್?"

"ನೀವು ಕೇಳಲಿಲ್ಲವಲ್ಲ ಮೇಡಂ."

ವಿಕ್ಟರ್ ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಹಾವಿಗೆ ಊಟ ಕಲಿಸಿದ್ದು ತಾನೇ ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. "ನಾನು ಇಲಿ ತರದಿದ್ದರೆ ನಿನಗೆ ಆ ವಾಸನೆ ಎಲ್ಲಿ ಸಿಗ್ತಿತ್ತು?" ಎನ್ನುತ್ತಾರೆ. ಅದು ಸುಳ್ಳಲ್ಲ. ಹಾಗಾಗಿಯೇ ಹೆಚ್ಚು ಸಿಟ್ಟು ಬರುವುದು.

ಈಗ ಎಲ್ಲರೂ ಸುಖವಾಗಿದ್ದಾರೆ. ಶುಗರಿನ ತೂಕ ಏರುತ್ತಿದೆ. ರೆನಿಟಾ ಕೆನಡಾದ ಗೆಳತಿಗೆ ಫೋಟೋ ಇಟ್ಟು ಕಾಗದ ಬರೆದಿದ್ದಾಳೆ. ಆ ಫೋಟೋದಲ್ಲಿ ಅವಳಿದ್ದಾಳೆ, ಅವಳ ಅಪ್ಪ ಇದ್ದಾರೆ, ಇಬ್ಬರ ಹೆಗಲ ಮೇಲೂ ಹಾವು ಇದೆ. ಫೋಟೋ ತೆಗೆದವಳು ನಾನು.

ನಿಮ್ಮ ಮನೆಯಲ್ಲೂ ನಾಯಿಯೋ ಬೆಕ್ಕೋ ಗಿಳಿಯೋ ಇರಬಹುದು. ಅದನ್ನು ಪ್ರೀತಿಸುವವರು ಯಾರೆಂದು ನಾನು ಕೇಳುವುದಿಲ್ಲ, ಅದರ ತಟ್ಟೆ ತೊಳೆಯುವವರು ಯಾರು?