ದೊಡ್ಡಕ್ಕನ ಎಂಜಲು ವೈದ್ಯ

ಆ ಕುದುರೆ ಫಾರ್ಮಿನಲ್ಲಿ ದೊಡ್ಡಕ್ಕ ಎಂದರೆ ಒಬ್ಬಳೇ. ಇಪ್ಪತ್ತೆರಡು ವರ್ಷದಿಂದ ಲಾಯ ನೋಡಿಕೊಂಡವಳು. ಸುಮ್ಮನೆ ಕೂರುವ ಜಾಯಮಾನವೇ ಅಲ್ಲ. ಊಟಕ್ಕೆ ಕೂತರೂ ಒಂದು ಕಿವಿ ಲಾಯದ ಕಡೆಗೆ. ಮೇವು ಬಿಟ್ಟ ಕುದುರೆಗೆ ತಿನ್ನಿಸುವುದರಲ್ಲಂತೂ ಅವಳದು ಎತ್ತಿದ ಕೈ. ಪಕ್ಕದ ಕುದುರೆ ಅರ್ಧ ತಿಂದ ಬೂಸಾ ಬಕೆಟ್ಟನ್ನೇ ತಂದು ಮೂತಿಗೆ ಹಿಡಿಯುತ್ತಿದ್ದಳು. ಇನ್ನೊಬ್ಬರ ಪಾಲೆಂದರೆ ಕುದುರೆಗೂ ಬಾಯಲ್ಲಿ ನೀರು! ಅದೂ ಮೂಸಿ ಬಿಟ್ಟರೆ ಬಕೆಟ್ಟು ಮುಂದಿನದಕ್ಕೆ. ಬೂಸಾ ಯಾಕೆ ದಂಡ ಮಾಡಬೇಕು? ಫಾರ್ಮಿನವರೆಲ್ಲ ಅವಳಿಂದಲೇ ಇದನ್ನು ಕಲಿತಿದ್ದರು.

ಆ ವಾರ ಒಂದನೇ ಲಾಯದಲ್ಲಿ ಮೂರು ಕುದುರೆಗಳು ಜ್ವರ ಬಂದು ಮೇವು ಬಿಟ್ಟವು. ದೊಡ್ಡಕ್ಕ ಬಕೆಟ್ಟು ಹಿಡಿದು ಲಾಯದಿಂದ ಲಾಯಕ್ಕೆ ಓಡಾಡಿದ್ದೇ ಓಡಾಡಿದ್ದು. ನಾಲ್ಕೇ ದಿನಕ್ಕೆ ಮೂರನೇ ಲಾಯದಲ್ಲಿ ಐದು ಮಲಗಿದವು, ಒಂದು ಸತ್ತೇ ಹೋಯಿತು. ಪರೀಕ್ಷೆ ಮಾಡಿಸಿದ ಕುದುರೆ ಡಾಕ್ಟರಮ್ಮ ಎಲ್ಲರನ್ನೂ ಕರೆದು, ಕೊರೋನಾ ಎಂದಳು.

"ಕುದುರೆಗೂ ಕೊರೋನಾನಾ? ಮಾಸ್ಕು ಎಲ್ಲಿಗೆ ಕಟ್ಟೋಣ ಡಾಕ್ಟ್ರೇ?" ಮೇವಿನ ಗಾಡಿಯವನು ಹಲ್ಲು ಕಿರಿದ.

"ಇದು ಕುದುರೆಗಳದ್ದೇ ಬೇರೆ, ನಮಗೆ ಬರಲ್ಲ. ಲದ್ದಿಯಿಂದ ಬಾಯಿಗೆ ಹೋಗುತ್ತೆ. ಒಂದನೇ ಲಾಯದ ಕುದುರೆಗಳು ಹೊರಗೇ ಬಂದಿಲ್ಲ. ಮೂರನೇದಕ್ಕೆ ಹೇಗೆ ಹೋಯ್ತು?"

ದೊಡ್ಡಕ್ಕ ತನ್ನ ಬಕೆಟ್ಟಿನ ಕಡೆ ನೋಡಿದಳು. ನೆಲದಲ್ಲಿ ಲದ್ದಿಯ ಮೇಲೇ ಇಟ್ಟು ಎತ್ತುತ್ತಿದ್ದ ಬಕೆಟ್ಟು ಅದು. ಬಾಯಿ ಬಿಟ್ಟರೆ ಇಪ್ಪತ್ತೆರಡು ವರ್ಷದ ಹೆಸರು ಮಣ್ಣುಪಾಲು. ಬಿಡದಿದ್ದರೆ? ಹೆರಿಗೆ ಲಾಯದಲ್ಲಿ ತುಂಬು ಗಬ್ಬದ ಎಂಟು ಕುದುರೆಗಳಿದ್ದವು. ಅಲ್ಲಿ ಕೆಲಸ ಮಾಡುವ ಅವಳ ವಾರಗಿತ್ತಿ ಇವತ್ತಲ್ಲ ನಾಳೆ ಅದೇ ಬಕೆಟ್ಟು ಒಯ್ಯುವವಳೇ. ದೊಡ್ಡಕ್ಕ ಸೆರಗು ಹಿಂಡಿದಳು, ಎರಡು ಹೆಜ್ಜೆ ಆಚೆ ಹೋದಳು, ಮತ್ತೆ ಬಂದಳು.

"ನಾನೇ ಡಾಕ್ಟ್ರೇ. ನನ್ನ ಬಕೆಟ್ಟಿಂದಲೇ ಹೋಗಿದ್ದು."

ವಾರಗಿತ್ತಿ, "ಮಹಾ ವೈದ್ಯೆ!" ಎಂದಳು. ಮೊದಲಿಂದಲೂ ಇಬ್ಬರದೂ ಹಾವು ಮುಂಗುಸಿ ಸಂಬಂಧ, ಇಂಥ ಸಂದರ್ಭ ಬಿಟ್ಟಾಳೆಯೇ?

ಅಂದೇ ಫಾರ್ಮಿನ ನಡುವೆ ಅಡ್ಡ ಹಗ್ಗ ಬಿತ್ತು. ರೋಗದ ಕಡೆಗೆ ದೊಡ್ಡಕ್ಕ, ಹೆರಿಗೆಯ ಕಡೆಗೆ ವಾರಗಿತ್ತಿ. ಮೂರು ವಾರ ಆ ಕಡೆಯವರು ಈ ಕಡೆ ಬರಕೂಡದು. ದೊಡ್ಡಕ್ಕನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಜ್ವರ ನೋಡುವಳು, ಬೂಟು ತೊಳೆಯುವಳು, ಹಗ್ಗದ ತನಕ ಹೋಗಿ ಇಣುಕುವಳು, ತೊಳೆದ ಬೂಟನ್ನೇ ಮತ್ತೆ ತೊಳೆಯುವಳು.

ಒಂಬತ್ತನೇ ದಿನ ಮಧ್ಯಾಹ್ನ ಹೆರಿಗೆ ಲಾಯದ ಕಂದು ಕುದುರೆಗೆ ನೋವು ಬಂತು. ಡಾಕ್ಟರಮ್ಮ ಬರಲು ಇನ್ನೂ ಒಂದು ಗಂಟೆ.

"ಅಕ್ಕಾ! ಮರೀದು ಒಂದೇ ಕಾಲು ಕಾಣ್ತಿದೆ!" ವಾರಗಿತ್ತಿ ಬಾಗಿಲಿನಿಂದ ಕಿರುಚಿದಳು. ಅವಳು ಅಕ್ಕಾ ಎಂದು ಕರೆದು ಯಾವ ಕಾಲವಾಗಿತ್ತೋ!

ಎಂದರೆ ಇನ್ನೊಂದು ಮುಂಗಾಲು ಒಳಗೇ ಮಡಚಿಕೊಂಡಿದೆ. ದೊಡ್ಡಕ್ಕನ ಕೈ ಆಗಲೇ ಹಗ್ಗ ಎತ್ತಿತ್ತು. ಬೆಳಗ್ಗೆಯೆಲ್ಲ ರೋಗದ ಲದ್ದಿ ಬಾಚಿದ ಕೈ. ಅವಳು ಹಗ್ಗ ಬಿಟ್ಟಳು. ಅಲ್ಲಿಂದಲೇ ಕೂಗಿದಳು.

"ಸೋಪು ಹಚ್ಚಿ ಮೊಣಕೈವರೆಗೆ ತೊಳಿ! ನೋವು ನಿಂತಾಗ ಮರೀನ ಹಿಂದಕ್ಕೆ ತಳ್ಳು!"

"ನನ್ನ ಕೈಲಾಗಲ್ಲಕ್ಕಾ, ನೀನೇ ಬಾ!"

"ನಾನು ಬಂದ್ರೆ ಎಂಟಕ್ಕೂ ಕುತ್ತು! ಕೈ ಹಾಕೇ! ಗೊರಸನ್ನ ಅಂಗೈಯಲ್ಲಿ ಮುಚ್ಚಿ ಹಿಡಿ, ಒಳಗೆ ಗೀರಬಾರದು. ಮೆತ್ತಗೆ ಮುಂದಕ್ಕೆ ತಾ!"

ಒಳಗಿನಿಂದ ಕುದುರೆಯ ನರಳಾಟ, ವಾರಗಿತ್ತಿಯ ಅಳು. ದೊಡ್ಡಕ್ಕ ಹಗ್ಗದ ಉದ್ದಕ್ಕೂ ಅತ್ತಿಂದಿತ್ತ ಓಡಿದಳು. ದೇವರೇ, ಇವಳ ಕೈಗೆ ಬುದ್ಧಿ ಕೊಡಪ್ಪಾ!

"ಎರಡೂ ಬಂತಕ್ಕಾ! ಮೂತಿನೂ ಬಂತು!"

ದೊಡ್ಡಕ್ಕ ಹಗ್ಗದ ಮೇಲೆ ಬಾಗಿ ಕಿವಿಗೊಟ್ಟಳು. ಎಷ್ಟು ಹೊತ್ತೋ. ಕೊನೆಗೆ ಮರಿ ಸೀನಿತು.

ಮೊಣಕೈವರೆಗೆ ರಕ್ತ ಮೆತ್ತಿಕೊಂಡ ವಾರಗಿತ್ತಿ ಹೊರಗೆ ಬಂದಳು. ಅಳುತ್ತ, ನಗುತ್ತ, ಎರಡೂ ತೋಳು ಚಾಚಿ ಹಗ್ಗದತ್ತ ಓಡೋಡಿ ಬಂದಳು.

ದೊಡ್ಡಕ್ಕ ಹಿಂದಕ್ಕೆ ಸರಿದಳು. "ಅಲ್ಲೇ ನಿಲ್ಲೇ! ನನ್ನ ಮುಟ್ಟಬೇಡ!"

ಹತ್ತು ಹೆಜ್ಜೆ ದೂರದಲ್ಲಿ ಎದುರುಬದುರು ನಿಂತು ಇಬ್ಬರೂ ಗೊಳೋ ಎಂದು ಅತ್ತರು.