ನಿಮ್ಮಿಷ್ಟ

ನಮ್ಮ ಮನೆಯಲ್ಲಿ ‘ಇಷ್ಟ’ ಎಂಬ ಪದವನ್ನು ಯಾರೂ ತಮಗಾಗಿ ಬಳಸಿದವರಲ್ಲ. ನಾನು ಕಾಲೇಜು ಬಿಟ್ಟು ತಿಪಟೂರಿನಲ್ಲಿ ಸೈಕಲ್ ಅಂಗಡಿ ಇಡುತ್ತೇನೆ ಎಂದಾಗ ಅಪ್ಪ, “ನಿನ್ನಿಷ್ಟ ಕಣಪ್ಪ” ಎಂದು ಟವೆಲ್ ಕೊಡವಿ ಎದ್ದುಹೋದರು. ಬೇಡ ಎಂದು ಅರ್ಥ. ಅಂಗಡಿಯ ಮಾತು ಅಲ್ಲಿಗೇ ಮುಗಿಯಿತು. ಮದುವೆಯ ಮಾತಿಗೆ ಹೆಣ್ಣುಮಕ್ಕಳು ತಲೆ ತಗ್ಗಿಸಿ “ನಿಮ್ಮಿಷ್ಟ” ಎಂದರೆ ಮಾತ್ರ ಒಪ್ಪಿಗೆ. ಒಲ್ಲದವಳು ಅಷ್ಟೂ ಹೇಳುವುದಿಲ್ಲ, ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಾಳೆ. ಇದನ್ನು ಯಾರೂ ನನಗೆ ಕಲಿಸಬೇಕಾಗಿರಲಿಲ್ಲ.

ತಂಗಿ ಗಂಡನನ್ನು ಕಳೆದುಕೊಂಡು, ತುರುವೇಕೆರೆ ಪಕ್ಕದ ನಮ್ಮೂರಿಗೆ ವಾಪಸು ಬಂದಾಗ ಅವಳಿಗೆ ಇಪ್ಪತ್ತೊಂಬತ್ತು. ಮಕ್ಕಳಿರಲಿಲ್ಲ. ಅಪ್ಪ ಆಗಲೇ ತೀರಿಕೊಂಡಿದ್ದರು. ಎರಡು ವರ್ಷ ಕಳೆದ ಮೇಲೆ ಚಿಕ್ಕನಾಯಕನಹಳ್ಳಿಯಿಂದ ಒಂದು ಸಂಬಂಧ ಬಂತು. ಹೆಂಡತಿ ತೀರಿಹೋಗಿದ್ದ ಮೇಷ್ಟ್ರು, ಮೆತ್ತಗಿನ ಮನುಷ್ಯ. ಅವರು ಮನೆಗೆ ಬಂದ ದಿನ ತಂಗಿ ಟ್ರಂಕಿನಿಂದ ಹಸಿರು ಸೀರೆ ತೆಗೆದು ಉಟ್ಟಿದ್ದಳು. ನಾನು ನೋಡಿದ್ದೆ.

“ಜನ ಏನಂತಾರೆ ಕಣ್ಲಾ” ಎಂದು ಅಮ್ಮ ಗೊಣಗಿದರು. ನಾನು ದೊಡ್ಡ ಸುಧಾರಕನ ಹಾಗೆ, “ಅವಳನ್ನೇ ಕೇಳಾಣ ಬುಡು” ಎಂದೆ.

ತಂಗಿ ಹಜಾರದಲ್ಲಿ ಕೂತು, ಅಟ್ಟದಿಂದ ಇಳಿಸಿದ ಒಣಕಾಯಿಗಳ ಚಿಪ್ಪು ಬಿಡಿಸಿ ಕೊಬ್ಬರಿ ತೆಗೆಯುತ್ತಿದ್ದಳು. “ನಿಂಗಿಷ್ಟ ಐತೇನವ್ವ? ಬಾಯ್ಬುಟ್ಟು ಹೇಳು” ಎಂದೆ. ಅವಳ ಕೈ ನಿಂತಿತು. ತಲೆ ತಗ್ಗಿಸಿ, “ನಿಮ್ಮಿಷ್ಟ ಕಣಣ್ಣ” ಎಂದಳು.

ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರೆ ಸಾಕು, ಒಳಗೆ ಕೊಬ್ಬರಿ ಆಗಿದೆಯೋ ಕೊಳೆತಿದೆಯೋ ಹೇಳಿಬಿಡುತ್ತೇನೆ ಎಂದು ಜಂಬ ಕೊಚ್ಚುವವನು ನಾನು. ಆ ದಿನ ಆ ಕಿವಿಗೆ ಏನಾಗಿತ್ತೋ. “ಅವಳಿಗೆ ಮನಸ್ಸಿಲ್ಲ, ಬಲವಂತ ಬೇಡ” ಎಂದು ಮೇಷ್ಟ್ರಿಗೆ ಹೇಳಿ ಕಳಿಸಿದೆ. ಹಸಿರು ಸೀರೆ ಮತ್ತೆ ಹೊರಗೆ ಬರಲಿಲ್ಲ.

ಏನಾಗಿತ್ತೋ ಎನ್ನುವುದೂ ಸುಳ್ಳೇ. ಅಮ್ಮ ಹಾಸಿಗೆ ಹಿಡಿಯುವ ಹಾಗಿದ್ದರು. ನನ್ನ ಹೆಂಡತಿ ಅಂಗನವಾಡಿ ಕೆಲಸಕ್ಕೆ ಹೋಗುತ್ತಿದ್ದಳು. ಹಸು, ಅಡುಗೆ, ಅಮ್ಮ, ಎಲ್ಲ ತಂಗಿಯ ಕೈಯಲ್ಲಿತ್ತು. ಅವಳು ಹೋಗಿಬಿಟ್ಟರೆ ಗತಿಯೇನು ಎಂಬ ಹೆದರಿಕೆ ನನಗಿತ್ತು. ನನಗೆ ಬೇಕಾದ ಅರ್ಥವನ್ನು ಅವಳ ಮಾತಿಗೆ ಹಚ್ಚಿದೆ. ಆಮೇಲೆ, ತಂಗಿಯ ತೀರ್ಮಾನಕ್ಕೆ ಬೆಲೆ ಕೊಟ್ಟೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ, ನಾಚಿಕೆಗೆಟ್ಟವನು.

ಒಂಬತ್ತು ವರ್ಷವಾಯಿತು. ಮೇಷ್ಟ್ರಿಗೆ ಬೇರೆ ಕಡೆ ಮದುವೆಯಾಯಿತು. ಅಮ್ಮನ ಕೊನೆಗಾಲದಲ್ಲಿ ಎತ್ತಿ ಇಳಿಸಿ ನೋಡಿಕೊಂಡವಳು ತಂಗಿಯೇ. ಒಂದು ದಿನವೂ ಅವಳು ಆ ಸಂಬಂಧದ ಮಾತು ಎತ್ತಲಿಲ್ಲ. ಎತ್ತಿ ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಹೋದ ತಿಂಗಳು ನನ್ನ ಮಗಳನ್ನು ನೋಡಲು ಸಂಪಿಗೆ ಊರಿನ ಕಡೆಯವರು ಬಂದುಹೋದರು. ಹುಡುಗ ಪರವಾಗಿಲ್ಲ ಎನಿಸಿತು. ಹಜಾರದಲ್ಲಿ ತಂಗಿ ಎಂದಿನಂತೆ ಕೊಬ್ಬರಿಯ ರಾಶಿ ಮುಂದೆ ಕೂತಿದ್ದಳು. ಮಗಳನ್ನು ಕರೆದು, “ಏನಂತೀಯವ್ವ?” ಎಂದು ಕೇಳಿದೆ. ಅವಳು ಮೊಬೈಲಿನಿಂದ ಕಣ್ಣೆತ್ತದೆ, “ನಿಮ್ಮಿಷ್ಟ ಅಪ್ಪಾಜಿ” ಎಂದಳು.

ತಂಗಿ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟಳು.

“ಬೇಕಾದ್ರೆ ಬೇಕು ಅನ್ನು, ಬ್ಯಾಡ್ದಿದ್ರೆ ಬ್ಯಾಡ ಅನ್ನು. ನಿಮ್ಮಪ್ಪನ ಮುಂದೆ ಆ ಮಾತ್ ಮಾತ್ರ ಆಡ್‌ಬ್ಯಾಡ ಕಣೇ. ಅದನ್ನೇ ನಿಜ ಅಂದ್ಕಂಡ್ ಬುಡ್ತಾನೆ.”

ಮಗಳು ತಮಾಷೆ ಎಂದುಕೊಂಡು ನಕ್ಕಳು. ತಂಗಿ ನಗಲಿಲ್ಲ.